ಕಡೆಯ ನುಡಿಯ ಹೆಸರು

ಬೆಳಿಗ್ಗೆ ಹತ್ತೂಕಾಲಿಗೆ ಸ್ಟುಡಿಯೋ ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿತು. ಮಿಸ್ ರೋಸಿ ಮೈಕಿನ ಮುಂದೆ ನಿಂತರು. ಪತ್ರಿಕೆಗೆ ಸುದ್ದಿ ಬರೆಯಲು ಹೋಗಿದ್ದ ನಾನು ಗಾಜಿನ ಈಚೆ, ಸ್ಟುಡಿಯೋ ಮಾಲೀಕ ಶಾಮಣ್ಣ ಶೆಟ್ಟರ ಪಕ್ಕದಲ್ಲಿ ಕುಳಿತಿದ್ದೆ.

ಹನ್ನೆರಡು ವರ್ಷಗಳಲ್ಲಿ ಹನ್ನೊಂದು ಮೂಕಿ ಚಿತ್ರಗಳಿಗೆ ರೋಸಿಯೇ ನಾಯಕಿ. ಆ ಹೆಸರನ್ನು ಇಟ್ಟವರೂ ಶೆಟ್ಟರೇ. ಚಿತ್ರಗಳಿಗೆ ಮಾತು ಬಂದಾಗ ಆಕೆಗೆ ಮೂವತ್ತೆಂಟು. ಕಂಠ ಬೇಕು, ಮುಖ ಬೇಡ ಎಂದು ಶೆಟ್ಟರು ತೀರ್ಮಾನಿಸಿದರು. ಆಕೆ ಹಾಡಿದ್ದಕ್ಕೆ ಹತ್ತೊಂಬತ್ತರ ಮಂದಾಕಿನಿ ತುಟಿ ಆಡಿಸಬೇಕು. ಪರದೆಯ ಮೇಲೆ ಅವಳೊಬ್ಬಳದೇ ಹೆಸರು.

"ಮೂಲ್ಯಾಗ ಸಣ್ಣ ಅಕ್ಷರದಾಗರ ನನ್ನ ಹೆಸರು ಹಾಕ್ರಿ, ಶೆಟ್ಟರ," ಎಂದು ರೋಸಿ ಹಿಂದಿನ ದಿನ ನನ್ನೆದುರೇ ಕೇಳಿದ್ದರು.

"ದನೀಗೆ ಎಲ್ಲಿ ಮುಖ ಐತವ್ವಾ, ಹೆಸರು ಹಚ್ಚಾಕ?" ಶೆಟ್ಟರು ನಕ್ಕಿದ್ದರು.

"ಆತು ಬಿಡ್ರಿ. ಕಡೀ ನುಡಿ ಮಾತ್ರ ನಾನ ಕಟ್ಟತೀನಿ."

"ಕಟ್ಟು. ದೇವಿ ಪದಕ್ಕ ಯಾರು ಬ್ಯಾಡಂತಾರ?"

ಈಗ ಮೈಕಿನ ಮುಂದೆ ಆಕೆ ಮೂರು ನುಡಿ ಹಾಡಿ, ಕಡೆಯ ಸಾಲನ್ನು ಎತ್ತಿದರು: ಕೇಳಿದವರೆದಿಯೊಳಗ ನಿಂತಾಳ ಹುಲಿಗೆವ್ವ. ಶೆಟ್ಟರು ಮುಗಿದ ಕೈಗಳನ್ನು ಕಣ್ಣಿಗೊತ್ತಿಕೊಂಡರು. "ಅಂಕಿತಕ್ಕ ದೇವಿ ಹೆಸರ ಬಂತು. ಪಿಚ್ಚರ್ ನೂರು ದಿನ ಓಡತೈತಿ." ದೀಪ ಆರಿತು.

ಹೆಸರು ಖಚಿತಪಡಿಸಿಕೊಳ್ಳದೆ ಬರೆಯುವ ರೂಢಿ ನನಗಿರಲಿಲ್ಲ. ಹೊರಗೆ ಆಕೆಯನ್ನು ಕೇಳಿದೆ: "ರೋಸಿ ಅಂತಲೇ ಬರೀಲೇನ್ರಿ? ತಾಯಿ ಇಟ್ಟ ಹೆಸರು ಯಾವುದು?"

"ಇಷ್ಟು ವರ್ಷದಾಗ ಕೇಳಿದವರು ನೀವೊಬ್ರ. ಹುಲಿಗೆವ್ವ. ವಕಾರಕ್ಕ ಒತ್ತು ಮರೀಬ್ಯಾಡ್ರಿ."

ನನ್ನ ಪೆನ್ಸಿಲು ನಿಂತಿತು. "ಶೆಟ್ಟರಿಗೆ ಗೊತ್ತಾದ್ರೆ?"

"ಗೊತ್ತಾಗಲಿ. ನಾ ಹೇಳಿದ್ರ ಹಾಕಲಿಲ್ಲ. ಅವರ ಹುಡುಗಿ ಬಾಯಿಂದನ ಹೇಳಸ್ತೀನಿ."

ಬಿಡುಗಡೆಯ ದಿನ ಟಾಕೀಸಿನ ಬಾಗಿಲ ಮೇಲೂ ಅಂಥದೇ ಕೆಂಪು ದೀಪ ಉರಿಯುತ್ತಿತ್ತು. ಪರದೆಯ ತುಂಬ ಮಂದಾಕಿನಿಯ ಮುಖ ಬಂದು ಆ ಹೆಸರನ್ನು ನುಡಿದಾಗ ಮುಂದಿನ ಬೆಂಚಿನವರು ಕೈಮುಗಿದರು. ಮರುದಿನ ನಮ್ಮ ಪತ್ರಿಕೆಯಲ್ಲಿ ನನ್ನ ಎರಡು ಸಾಲು ಬಂದವು: ಹುಲಿಗೆವ್ವ ಎಂಬುದು ಈ ಚಿತ್ರದ ದೇವಿ ಹಾಡನ್ನು ಹಾಡಿದವರ ಹೆಸರು. ಅವರನ್ನು ಪ್ರೇಕ್ಷಕರು ಈವರೆಗೆ ಮಿಸ್ ರೋಸಿ ಎಂದು ಬಲ್ಲರು.

ಶೆಟ್ಟರು ಪತ್ರಿಕೆ ಹಿಡಿದುಕೊಂಡೇ ಸಂಕಲನದ ಕೋಣೆಗೆ ನುಗ್ಗಿದರು. "ಆ ಸಾಲು ಕತ್ತರಸು."

"ಕತ್ತರಸ್ತೀನ್ರಿ ಧಣಿ," ಎಂದ ಸಂಕಲನಕಾರ, "ಆದ್ರ ದನಿ, ಚಿತ್ರ ಎರಡೂ ಒಂದ ರೀಲಿನ್ಯಾಗ ಅದಾವ, ಅದರ ಕೂಡ ಮಂದಾಕಿನಿ ಮುಖಾನೂ ಹೋಗತೈತಿ."

ಚಿತ್ರ ತೊಂಬತ್ತೊಂದು ದಿನ ನಡೆಯಿತು, ದಿನಕ್ಕೆ ಎರಡಾಟ. ನೂರ ಎಂಬತ್ತೆರಡು ಸಲ ಮಂದಾಕಿನಿಯ ತುಟಿಗಳು ಆಕೆಯ ಹೆಸರು ಹೇಳಿದವು.