ಯಾರೂ ತೆಗೆಯದ ಏಳು ಮಂದಿ

"ಕಕ್ಕಸು ತೊಳೆಯೋ ಕೈಗೆ ಕೈಗವಸು ಬೇರೆ ಕೇಡು! ನಾಳೆಯಿಂದ ಒಬ್ಳೂ ಬರ್ಕೂಡ್ದು, ಮುಂಡೇರಾ!"

ಮೇಸ್ತ್ರಿ ಸಗಿನ್‌ಬೆಕ್ ನಮ್ಮ ಅರ್ಜಿಯನ್ನು ಹರಿದು ನನ್ನ ಬಕೆಟ್ಟಿನೊಳಗೇ ಹಾಕಿದ.

ಓಷ್ ಊರಿನ ವಿಮಾನ ನಿಲ್ದಾಣದಲ್ಲಿ ಬಂದಿಳಿಯುವ ಒಂದು ಕಂಪನಿಯ ವಿಮಾನಗಳನ್ನು ಗುಡಿಸಿ ಒರೆಸುವವರು ನಾವು ಏಳು ಹೆಂಗಸರು. ಜನವರಿಯ ಹಿಮದಲ್ಲಿ ತಣ್ಣೀರು ಮುಟ್ಟಿ ಮುಟ್ಟಿ ಕೈ ಒಡೆದು ರಕ್ತ ಜಿನುಗುತ್ತಿತ್ತು. ಕೈಗವಸು ಕೇಳಿದ್ದೇ ತಪ್ಪಾಯಿತು.

ನಮ್ಮಲ್ಲಿ ಹಿರಿಯಳಾದ ಜೂರಾಕಾನಕ್ಕನದು ಹತ್ತೊಂಬತ್ತು ವರ್ಷದ ಚಾಕರಿ. ಮರುದಿನ ಬೆಳಿಗ್ಗೆ "ಒಂದು ಮಾತು ಕೇಳೇ ಬಿಡಣ ನಡೀರಿ" ಎಂದು ಎಲ್ಲರನ್ನೂ ಹೊರಡಿಸಿದಳು. ಸಗಿನ್‌ಬೆಕ್, "ನಾನೆಲ್ಲಿ ತೆಗ್ದೆ? ಮೇಲಿಂದ ಹೇಳಿದ್ರು" ಅಂದ. ಸಿಬ್ಬಂದಿ ವಿಭಾಗದವಳು ಉಗುರು ನೋಡಿಕೊಳ್ಳುತ್ತ, "ನಿರ್ದೇಶಕರನ್ನ ಕೇಳಿ" ಅಂದಳು. ನಿರ್ದೇಶಕ ತಲಾಂತ್‌ಬೆಕ್ ಚಹಾ ಹೀರುತ್ತ ನಕ್ಕ.

"ಅಮ್ಮಾ, ನಮ್ಮ ಕಂಪನಿ ನಿಮ್ಮಲ್ಲಿ ಒಬ್ಬರನ್ನೂ ತೆಗ್ದಿಲ್ಲ. ಅದೆಲ್ಲ ಗುತ್ತಿಗೆದಾರನ ಕೆಲಸ. ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಅವನನ್ನ ಹಿಡ್ಕೊಳಿ."

"ಹೋಗ್ತೀವಪ್ಪ, ಬೆಟ್ಟ ದಾಟಿ ಹೋಗ್ತೀವಿ. ಅವ್ನು ನಿನ್ ಕಡೆ ಕೈ ತೋರಿಸಿದ್ರೆ? ಈಗ ಹೇಳಿದ್ದನ್ನೇ ಒಂದು ಚೀಟೀಲಿ ಬರ್ಕೊಟ್ಬಿಡು."

ಪೀಡೆ ತೊಲಗಿದರೆ ಸಾಕೆಂದು ಆತ ಬರೆದುಕೊಟ್ಟ. ಏಳೂ ಹೆಸರು, ಕೆಳಗೆ ಸಹಿ, ಅದರ ಮೇಲೆ ಮೊಹರು.

ಹೊರಗೆ ಬಂದು ಜೂರಾಕಾನಕ್ಕ ಚೀಟಿಯನ್ನು ಎರಡು ಸಲ ಓದಿದಳು. ಅವಳ ಚಿನ್ನದ ಹಲ್ಲು ಹೊಳೆಯಿತು.

"ಲೇ ನಸಿಪಾ, ನಮ್ಮನ್ನ ಯಾರೇ ತೆಗ್ದಿದ್ದು?" ಎಂದು ನನ್ನನ್ನು ಕೇಳಿದಳು.

"ಯಾರೂ ಇಲ್ವಂತಲ್ಲಕ್ಕ."

"ಮತ್ತೇನ್ ಕತ್ತೆ ಕಾಯ್ತಾ ನಿಂತಿದೀರೇ ಇಲ್ಲಿ? ಮಾಸ್ಕೋ ವಿಮಾನ ಬರೋ ಹೊತ್ತಾಯ್ತು!"

ಪಾಸುಗಳು ಇನ್ನೂ ಕೊರಳಲ್ಲೇ ಇದ್ದವು; ಅವನ್ನು ಕಿತ್ತುಕೊಳ್ಳುವ ಹೊಣೆಯನ್ನೂ ಯಾರೂ ಹೊತ್ತಿರಲಿಲ್ಲ. ಗೇಟಿನ ಕಾವಲುಗಾರ ತಡೆದ. ಚೀಟಿ ತಿರುಗಿಸಿ ನೋಡಿ, "ದೊಡ್ಡೋರ ಮೊಹರೇ ಐತಲ್ಲ" ಎಂದು ಬಿಟ್ಟ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತ ವಿಮಾನ ಹತ್ತಿದೆವು.

ಅರ್ಧ ಗುಡಿಸುವಷ್ಟರಲ್ಲಿ ಸಗಿನ್‌ಬೆಕ್ ನುಗ್ಗಿಬಂದ.

"ಯಾವ ಸೂಳೆಮಗ ಬಿಟ್ಟ ನಿಮ್ಮನ್ನ ಒಳಗೆ?"

"ನಿಮ್ ನಿರ್ದೇಶಕರು!" ಎಂದು ಏಳೂ ಜನ ಒಟ್ಟಿಗೇ ಕೂಗಿದೆವು. ಅಷ್ಟರಲ್ಲಿ ನಿರ್ದೇಶಕನೇ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದಿದ್ದ. ಎಲ್ಲವೂ ಅವನ ಕಿವಿಗೆ ಬಿತ್ತು.

"ಇಳೀರಿ ಕೆಳಗೆ!" ಎಂದು ನಿರ್ದೇಶಕ ಅರಚಿದ.

"ಇಳೀತೀವಪ್ಪ," ಅಂದಳು ಜೂರಾಕಾನಕ್ಕ. "ನಾನೇ ನಿಮ್ಮನ್ನ ತೆಗ್ದೆ ಅಂತ ಒಂದೇ ಒಂದು ಮಾತು ಹೇಳು. ಯಾಕೆ ತೆಗ್ದೆ ಅಂತಾನೂ ಹೇಳು. ಈಗ್ಲೇ ಇಳೀತೀವಿ."

ಕೆಳಗೆ ಬಸ್ಸಿನಲ್ಲಿ ವಿಮಾನ ಹತ್ತಬೇಕಾದ ಪ್ರಯಾಣಿಕರು ಕಾಯುತ್ತಿದ್ದರು. ನಿರ್ದೇಶಕ ಬಾಯಿ ತೆರೆದ. ಸಗಿನ್‌ಬೆಕ್‌ನ ಮುಖ ನೋಡಿದ. ಸಗಿನ್‌ಬೆಕ್ ಮೇಲಿನ ದೀಪ ನೋಡಿದ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಹಂಗಾದ್ರೆ ಕಾಲೆತ್ತು ಮಗಾ," ಎಂದು ಜೂರಾಕಾನಕ್ಕ ಪೊರಕೆ ಚಾಚಿದಳು. "ಬ್ರೆಡ್ಡಿನ ಚೂರು ತುಳೀತಿದೀಯ."

ನಿರ್ದೇಶಕ ಕಾಲೆತ್ತಿದ.