ಪರದೆ ಉಜ್ಜನಪ್ಪನವರ ಕಡೆಯ ಬಟ್ಟೆ

ನಯನಾ ಹಿತ್ತಲ ಕೋಣೆಯ ಚಿಲಕ ತೆಗೆಯುತ್ತಿದ್ದಳು. ಅಕ್ಕನಾಗಮ್ಮ ಹಿಂದಿನಿಂದ ಬಂದು ಅವಳ ಕೈ ಹಿಡಿದಳು.

"ತೀರಿಕೊಂಡ ಮಾವಾರ್ನ ಹೊರಗೆ ಕುಂದ್ರಿಸೀವಿ. ಒಳಗೆ ನಿಂದೇನವ್ವ ಕೆಲ್ಸ?"

"ಬಣ್ಣ ಬೇಕಿತ್ರಿ ಅಕ್ಕ. ಅಜ್ಜಾರ್ನ ಮಣ್ಣಿಗೆ ಒಯ್ಯೋ ವಿಮಾನದ ಹಿಂದಿನ ಬಟ್ಟೆಗೆ ನಂದಿ ಬರಿ ಅಂದ್ರು ವೀರೇಶಣ್ಣ."

ತನ್ನ ಗಂಡ ವೀರೇಶನೂ ಇವಳ ಬುಟ್ಟಿಗೇ ಬಿದ್ದನೇ ಎಂದು ಅಕ್ಕನಾಗಮ್ಮನ ಎದೆ ಉರಿಯಿತು. ಮಾವ ಉಜ್ಜನಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆದು ವಿನೋಬನಗರದಲ್ಲಿ ಈ ಮನೆ ಕಟ್ಟಿದವರು. ಹರಿಹರದ ಈ ಡ್ರಾಯಿಂಗ್ ಟೀಚರ್ ಭಾನುವಾರ ಬಂತೆಂದರೆ ಹಾಜರ್. ಬಾಗಿಲು ಹಾಕಿಕೊಂಡು ಇಬ್ಬರೂ ಬಿದ್ದು ಬಿದ್ದು ನಗುವುದು. ಚಿತ್ರ ಕಲಿಯುವವರು ಹಾಗೆ ನಗುತ್ತಾರೆಯೇ? ಮುದುಕನಿಗೆ ಮದ್ದು ಹಾಕಿ ಮನೆ ಬರೆಸಿಕೊಳ್ಳುತ್ತಾಳೆಂದು ಓಣಿಗೆಲ್ಲ ಸಾರಿದ್ದಳು.

"ಬಾಗ್ಲು ಯಾಕೆ ಹಾಕ್ತಿದ್ರಿ? ಅದನ್ನರ ಹೇಳು."

"ಅಜ್ಜಾರಿಗೆ ನಾಚಿಕಿ ಆಗ್ತಿತ್ರಿ. ಈ ವಯಸ್ನಾಗೆ ಆಟ ಆಡ್ತಾನೆ ಅಂತ ನೀವು ಬೈತೀರಿ ಅಂತಿದ್ರು."

* * *

ಮೊದಲ ಭಾನುವಾರ ನಯನಾ ಸ್ಕೇಲು ಹಿಡಿದೇ ಬಂದಿದ್ದಳು. ಮಕ್ಕಳ ಚಿತ್ರ ತಿದ್ದಿ ತಿದ್ದಿ, ಸ್ವಂತಕ್ಕೊಂದು ಗೆರೆ ಎಳೆಯಲೂ ಅವಳಿಗೆ ಹೆದರಿಕೆ. ಉಜ್ಜನಪ್ಪ ಸ್ಕೇಲನ್ನು ಅಟ್ಟಕ್ಕೆಸೆದು, ಹಳೇ ಪರದೆಯ ತುಂಡಿನ ಮೇಲೆ ನೀಲಿ ಚೆಲ್ಲಿದರು.

"ಏನ್ ಕಾಣ್ತೈತೆ?"

"ಬಣ್ಣ ಚೆಲ್ಲೈತ್ರಿ."

"ನಂಗೆ ಎಮ್ಮಿ ಕಾಣ್ತೈತೆ. ಸೈಕಲ್ ಕಲೀತೈತೆ ನೋಡು!" ಎಂದು ಎರಡು ಚಕ್ರ ಸುತ್ತಿಬಿಟ್ಟರು.

ನಯನಾ ನಕ್ಕಳು. ನಗುನಗುತ್ತಲೇ ಬ್ರಷ್ ಎತ್ತಿಕೊಂಡು ಎಮ್ಮೆಗೊಂದು ಬೆಲ್ಲು ಕೊಟ್ಟಳು.

* * *

ಅಕ್ಕನಾಗಮ್ಮ ತಾನೇ ಮೊದಲು ಕೋಣೆಯೊಳಗೆ ನುಗ್ಗಿ ಮಾವನ ಟ್ರಂಕು ಜಾಲಾಡಿದಳು. ಬರೀ ಬಣ್ಣದ ಚಿಂದಿಗಳು. ಆದರೂ ಅನುಮಾನ ಹೋಗಲಿಲ್ಲ. ಅಂಗಳದಲ್ಲಿ ನಯನಾ ಬರೆಯಲು ಕುಳಿತಾಗ ಎದುರಿಗೇ ನಿಂತುಕೊಂಡಳು.

ಆ ನೋಟದಡಿ ನಯನಾ ಅವಸರದಲ್ಲಿ ಬ್ರಷ್ ಅದ್ದಿ ಅದ್ದಿ ಬರೆದಳು. ನಂದಿಯ ಮುಖ ಮುಗಿಯುತ್ತಿದ್ದಂತೆ ಮೂಗಿನ ತುದಿಗೆ ಕಪ್ಪು ಹನಿಯೊಂದು ತೊಟ್ಟಿಕ್ಕಿತು.

"ಕೆಡಿಸಿದ್ಲು! ಕಡೀಗೂ ಕೆಡಿಸಿದ್ಲು!"

ನೆಂಟರೆಲ್ಲ ಗುಜುಗುಜು ಎಂದರು. ಬೇರೆ ಬಟ್ಟೆ ತರಲು ವೀರೇಶ್ ಎದ್ದ. ಈಗ ಬ್ರಷ್ ಕೆಳಗಿಟ್ಟರೆ ಮತ್ತೆಂದೂ ಎತ್ತಲಾರೆ ಎನ್ನಿಸಿ ನಯನಾಳಿಗೆ ಅಳು ಬಂತು. ಹನಿಯನ್ನೇ ದಿಟ್ಟಿಸಿದಳು. ಆಮೇಲೆ ಅದಕ್ಕೆ ಎರಡು ರೆಕ್ಕೆ ಬರೆದಳು, ಆರು ಕಾಲು ಬರೆದಳು. ನಂದಿಯ ಎರಡೂ ಕಣ್ಣುಗುಡ್ಡೆಗಳನ್ನು ಮೂಗಿನ ಕಡೆಗೆ ತಿರುಗಿಸಿದಳು. ಶಿವನ ವಾಹನ ತನ್ನ ಮೂಗಿನ ಮೇಲೆ ಕುಳಿತ ನೊಣವನ್ನು ಮೆಳ್ಳೆಗಣ್ಣಿನಿಂದ ನೋಡತೊಡಗಿತು.

ನೆಂಟರು ಕತ್ತು ಚಾಚಿ ನೋಡಿದರು. ನಯನಾ ತಲೆ ಎತ್ತದೆ ಬೆನ್ನು, ಕಾಲು, ಬಾಲ ಬರೆದು ಮುಗಿಸಿದಳು.

ಅಕ್ಕನಾಗಮ್ಮ ಬಟ್ಟೆಯ ಮುಂದೆ ಕುಕ್ಕರಿಸಿದಳು. ಮುಚ್ಚಿದ ಬಾಗಿಲ ಹಿಂದೆ ಮಾವ ನಕ್ಕಿದ್ದು ಇಂಥದಕ್ಕೇ ಇರಬೇಕು ಎನ್ನಿಸಿತು.

"ಬಾಲ ಸಾಲದು," ಎಂದಳು ಕೊನೆಗೆ. "ಇಷ್ಟುದ್ದದ ಬಾಲ ಮೂಗಿನ ನೊಣಕ್ಕೆ ಹೆಂಗೆ ಮುಟ್ಟಬೇಕು? ಇಲ್ಲಿ ಕೊಡು."

ಬ್ರಷ್ ಕಿತ್ತುಕೊಂಡಳು. ಸೆರಗು ಬಣ್ಣದಲ್ಲಿ ಅದ್ದಿಹೋದದ್ದೂ ಅರಿವಿಗೆ ಬರಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿದ್ದಂತೆಯೇ, ನಾಲಿಗೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ನಂದಿಯ ಬಾಲವನ್ನು ಬೆನ್ನ ಮೇಲಿಂದ ಮುಂದಕ್ಕೆ, ಸೊಟ್ಟಸೊಟ್ಟಗೆ ಎಳೆಯುತ್ತಲೇ ಹೋದಳು.