ಭೇದಿ ಹತ್ತಿದ ಕೂಸಿಗೆ ನೀರು ನಿಲ್ಲಿಸಬೇಡಿ

ವಳಕಮದಿನ್ನಿ ಊರಿನಲ್ಲಿ ನಾಟಿ ಶುರುವಾದರೆ ಊಟವೆಲ್ಲ ಗದ್ದೆಯ ಬದುವಿನ ಮೇಲೆಯೇ. ರಾತ್ರಿ ಉಳಿದ ಅನ್ನಕ್ಕೆ ಕಾಲುವೆ ನೀರು ಹಾಕಿ, ಉಪ್ಪು ಬೆರೆಸಿ ಕಲಸಿದರೆ ಆಯಿತು. ಗದ್ದೆಮ್ಮ ತನ್ನ ಸಣ್ಣ ಕೂಸು ಗಿರಿಯಮ್ಮನಿಗೂ ಅದನ್ನೇ ಎರಡು ತುತ್ತು ಉಣ್ಣಿಸಿದಳು. ಮರುದಿನ ಕೂಸಿಗೆ ವಾಂತಿ, ಭೇದಿ.

"ಹನಿ ನೀರೂ ಕೊಡಬ್ಯಾಡ," ಎಂದಳು ಅತ್ತೆ ಮುದುಕಮ್ಮ. "ಕೊಟ್ಟಷ್ಟು ಹೋಗ್ತದ. ಮೊಲಿನೂ ಬಿಡಿಸು."

ಗದ್ದೆಮ್ಮ ಬಿಡಿಸಿದಳು. ಹೋದ ವರ್ಷ ಮೂರು ವರ್ಷದ ಮಗ ಲಾಲಪ್ಪನಿಗೂ ಹೀಗೇ ಮಾಡಿದ್ದರು. ಅವನು ಉಳಿಯಲಿಲ್ಲ. ಈಗ ಈ ಕೂಸಿನ ಕಣ್ಣುಗಳೂ ಒಳಗೆ ಹೋಗಿದ್ದವು, ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. ಇದೂ ಕೈಬಿಟ್ಟು ಹೋಗುತ್ತದೆಂದು ಗದ್ದೆಮ್ಮ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು.

ಮನೆಮನೆ ತಿರುಗುತ್ತ ಬಂದ ನರ್ಸ್ ಗುಲ್ಷನ್‌ಬೀ ಕೂಸಿನ ಹೊಟ್ಟೆಯ ಚರ್ಮ ಚಿವುಟಿ ನೋಡಿದರು. ಸುಕ್ಕು ಹಾಗೇ ನಿಂತಿತು.

"ಅಯ್ಯಯ್ಯ! ಮೈಯಾಗ ನೀರೇ ಉಳಿದಿಲ್ಲ, ಯಾಕ ಕೊಟ್ಟಿಲ್ಲ?"

"ಮೊಲಿನೂ ಬಿಡಿಸೇವಿ. ಹೊಟ್ಟಿ ಖಾಲಿ ಆದ್ರ ಭೇದಿ ನಿಂದ್ರತದಲ್ರೀ ನರ್ಸಮ್ಮ," ಎಂದಳು ಮುದುಕಮ್ಮ.

"ಜೀವಾನೇ ನಿಂದ್ರತದ, ಯವ್ವಾ! ಹಳಸಿದ ಅನ್ನದಾಗ, ಹೊಲಸು ನೀರಾಗ ಕ್ರಿಮಿ ಇರ್ತಾವ. ಕರುಳಾಗಿನ ಲೋಳಿ ಅವನ್ನ ತಡಿತದ. ಕರುಳಿನ ಗೋಡ್ಯಾಗ ಕಣ್ಣಿಗಿ ಕಾಣದ ಸಿಪಾಯಿಗಳದಾವ, ಅವು ಕ್ರಿಮಿ ಗುರುತು ಹಿಡಿದು ಕೊಲ್ಲತಾವ. ಮೈಯಾಗಿನ ನೀರು ತಂದು ಕರುಳು ಎಲ್ಲಾ ಹೊರಗ ತೊಳಿತದ. ಆ ನೀರು ನಾವು ತುಂಬಿಕೊಡಬೇಕು. ತಾಯಿ ಹಾಲಿನ್ಯಾಗೂ ಅಂಥಾ ಸಿಪಾಯಿಗಳದಾವ, ಅದನ್ನೂ ಬಂದ್ ಮಾಡೀರಲ್ಲ!"

ಗದ್ದೆಮ್ಮ ನರ್ಸಿನ ಕೈ ಹಿಡಿದಳು. "ಹಂಗಾದ್ರ ನನ್ನ ಲಾಲಪ್ಪ... ನೀರಿಲ್ದ ಹೋದನೇನ್ರೀ?"

ಗುಲ್ಷನ್‌ಬೀ ಸುಳ್ಳು ಹೇಳಲಿಲ್ಲ. "ನೀರು ಕೊಟ್ಟಿದ್ರ ಉಳಿತಿದ್ದನೇನೋ, ತಾಯಿ."

ಮುದುಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಾನೇ ಎದ್ದು ಒಲೆ ಹಚ್ಚಿದಳು. ಗದ್ದೆಮ್ಮ ಕೂಸನ್ನು ಎದೆಗೆ ಹಾಕಿಕೊಂಡಳು. ನರ್ಸ್ ಹೇಳಿದಂತೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ, ಗುಟುಕು ಗುಟುಕು ಕುಡಿಸುತ್ತಲೇ ಸಿಂಧನೂರಿನ ದವಾಖಾನೆಗೆ ಒಯ್ದರು.

ಗಿರಿಯಮ್ಮ ಉಳಿದಳು. ಆದರೆ ಅವಳಿಗೆ ನೀರು ಕುಡಿಸುವಾಗಲೆಲ್ಲ ಗದ್ದೆಮ್ಮ ಅಳುತ್ತಾಳೆ. ಸಾಯುವ ದಿನ ಲಾಲಪ್ಪ "ಯವ್ವಾ, ನೀರು" ಎಂದು ಕೇಳಿದ್ದ. ಅವಳು ತಂಬಿಗೆಯನ್ನು ಅವನ ಕಣ್ಣಿಗೆ ಕಾಣದಂತೆ ಎತ್ತಿಟ್ಟಿದ್ದಳು.

ತಾಯಂದಿರೇ, ಭೇದಿ ಹತ್ತಿದ ಕೂಸಿಗೆ ನೀರನ್ನೂ ಎದೆಹಾಲನ್ನೂ ನಿಲ್ಲಿಸಬೇಡಿ. ಹಳಸಿದ ಅನ್ನ, ಕಾಯಿಸದ ಕಾಲುವೆ ನೀರು ಕೊಡಬೇಡಿ. ಕಣ್ಣು ಒಳಗೆ ಹೋದರೆ, ಭೇದಿಯಲ್ಲಿ ರಕ್ತ ಕಂಡರೆ ಆಗಿಂದಾಗಲೇ ದವಾಖಾನೆಗೆ ಹೊರಡಿ, ದಾರಿಯುದ್ದಕ್ಕೂ ಕುಡಿಸುತ್ತಿರಿ. ಕೂಸು ನೀರು ಕೇಳಿದರೆ, ನಿಮ್ಮ ಕಾಲಿಗೆ ಬೀಳುತ್ತೇವೆ, ಕೊಡಿ.